ವಾಲ್ವಿಗೆ ಹಾಕಿದ ಕೊಬ್ಬರಿ ಎಣ್ಣೆ

ಹೊನ್ನಾವರದ ಬಜಾರಿನಲ್ಲಿ ನಿಂತು ದೇವು ನಾಯ್ಕನ ಅಂಗಡಿ ಎಲ್ಲಿ ಎಂದು ಕೇಳಿದರೆ ಯಾರೂ ಹೇಳಲಾರರು. ‘ವಾಲ್ವು ದೇವು’ ಎಂದು ಕೇಳಿ ನೋಡಿ, ಬಾಳೆಹಣ್ಣಿನ ಗಾಡಿಯವನೂ ಕೈಯಲ್ಲಿದ್ದ ಗೊನೆಯನ್ನು ಕೆಳಗಿಟ್ಟು ದಾರಿ ತೋರಿಸುತ್ತಾನೆ. ಕುಕ್ಕರಿನ ಸೀಟಿ, ಗ್ಯಾಸ್ ಒಲೆಯ ತಿರುಪು, ತೋಟದ ಪಂಪು ಎಲ್ಲ ಅವನ ಕೈಯಲ್ಲಿ ಹಾದು ಹೋದವೇ. ಆದರೆ ಈಗೀಗ ಅವನ ಹೆಸರು ನಿಂತಿರುವುದು ಮನೆಯಲ್ಲಿಡುವ ಎಸ್ಪ್ರೆಸೊ ಮಶೀನಿನ ಮೇಲೆ. ದುಬೈಯಲ್ಲಿದ್ದು ಬಂದವರ ಜೊತೆ ಅದು ಮೊದಲು ಭಟ್ಕಳಕ್ಕೆ ಬಂತು. ಆಮೇಲೆ ಕುಮಟೆಯ ಡಾಕ್ಟರರ ಅಡುಗೆಮನೆಗೆ, ಅಲ್ಲಿಂದ ಸಮುದ್ರದ ಬದಿಯ ಹೋಮ್‌ಸ್ಟೇಗಳಿಗೆ. ಕೆಟ್ಟರೆ ಪೆಟ್ಟಿಗೆ ಕಟ್ಟಿ ಬೆಂಗಳೂರಿಗೆ ಕಳಿಸಬೇಕು. ಕಳಿಸುವ ಬದಲು ಜನ ದೇವುವಿಗೆ ಫೋನು ಮಾಡುತ್ತಾರೆ.

ತಮಾಷೆಯೆಂದರೆ ದೇವುವಿಗೆ ಕಾಫಿ ಆಗಿಬರುವುದಿಲ್ಲ. ಅವನದು ಚಾ, ಅದೂ ಗಟ್ಟಿ ಹಾಲು ಹಾಕಿ ಕೆಂಪಗೆ ಕುದಿಸಿದ್ದು. ಮಶೀನು ಸರಿಯಾದ ಖುಷಿಗೆ ಯಾರಾದರೂ ಪುಟ್ಟ ಕಪ್ಪಿನಲ್ಲಿ ಕಾಫಿ ಮಾಡಿ ಮುಂದಿಟ್ಟರೆ, “ಇದೆಂತ ಮಾರಾಯ್ರೆ, ಕಷಾಯದ ತಳ ಬಗ್ಗಿಸಿದ ಹಂಗೆ ಇದ್ದು?” ಎಂದು ಮೂಗು ಮುರಿದು ದೂರ ಸರಿಸುತ್ತಾನೆ. ಕಾಫಿ ಬೇಡ, ಕಾಫಿ ಮಾಡುವ ಯಂತ್ರ ಮಾತ್ರ ಬೇಕು. ಇಂಥ ವಿಚಿತ್ರದ ಮನುಷ್ಯ.

ಆ ಯಂತ್ರದಲ್ಲಿ ಅವನ ಪ್ರೀತಿಯೆಲ್ಲ ಬದಿಯ ಎರಡು ತಿರುಪುಗಳ ಮೇಲೆ. ಒಂದನ್ನು ತಿರುಗಿಸಿದರೆ ಸಣ್ಣ ನಳಿಗೆಯಿಂದ ಬುಸ್ಸೆಂದು ಹಬೆ ಬರುತ್ತದೆ, ಹಾಲು ನೊರೆ ಮಾಡಲಿಕ್ಕೆ. ಇನ್ನೊಂದಕ್ಕೆ ಬಿಸಿನೀರು. ತಿರುಪಿನ ಹಿಂದೆ ವಾಲ್ವು, ವಾಲ್ವಿನೊಳಗೆ ಹಿತ್ತಾಳೆಯ ಕಡ್ಡಿ, ಕಡ್ಡಿಗೆ ಉಂಗುರದಂತೆ ತೊಡಿಸಿದ ಸಣ್ಣ ರಬ್ಬರ್ ರಿಂಗು. ಹಬೆಯನ್ನು ಹಿಡಿದು ನಿಲ್ಲಿಸುವುದು ಆ ರಿಂಗು. ಹಾಗಾಗಿ ದೇವು ಹೋದ ಮನೆಯಲ್ಲೆಲ್ಲ ಅದರ ಉಪದೇಶ ಮಾಡಿಯೇ ಬರುತ್ತಾನೆ. “ತಿರುಪು ಬಿಗಿ ಮಾಡೂಕೆ ಹೋಗ್ಬೇಡಿ. ಸದ್ದು ನಿಂತ್ತಾ, ಕೈ ಬಿಡಿ. ಹಾಲು ನೊರೆ ಮಾಡಿ ಆದ ಮೇಲೆ ಒಂದ್ಸಲ ಖಾಲಿ ಹಬೆ ಬಿಟ್ಟು ನಳಿಗೆ ಒರೆಸಿ. ಇಲ್ಲದಿದ್ರೆ ಮಶೀನು ತಣಿಯುವಾಗ ಹಾಲನ್ನ ಒಳಗೆ ಎಳ್ಕಂತದೆ.” ಕೊನೆಯ ಉಪದೇಶ ಗ್ರೀಸಿನದು. ಒಣಗಿದ ರಿಂಗಿಗೆ ಹಚ್ಚಲು ಅವನ ಚೀಲದಲ್ಲಿ ಬಿಳಿ ಗ್ರೀಸಿನ ಒಂದು ಟ್ಯೂಬಿದೆ. ಆಹಾರ ತಾಗುವ ಜಾಗಕ್ಕೆಂದೇ ಮಾಡಿದ್ದು, ಬಿಸಿಗೆ ಕರಗುವುದಿಲ್ಲ, ವಾಸನೆಯಿಲ್ಲ. “ಇದನ್ನ ಬಿಟ್ಟು ಬೇರೆ ಎಂತದೂ ಮುಟ್ಟಿಸ್ಬೇಡಿ” ಎಂದು ಆ ಟ್ಯೂಬನ್ನು ಎಲ್ಲರ ಮೂಗಿನ ಮುಂದೆ ಹಿಡಿದು ತೋರಿಸುತ್ತಾನೆ.

ಇಷ್ಟೆಲ್ಲ ಹೇಳುವವನೇ ಅಪ್ಸರಕೊಂಡದ ಕಲ್ಪನಾಳ ಮನೆಯಲ್ಲಿ ಎಡವಿದ.

ಕಲ್ಪನಾ ಮತ್ತು ಅವಳ ಗಂಡ ರೂಪೇಶ ಮನೆಯ ಎರಡು ಕೋಣೆಗಳನ್ನು ಜಲಪಾತ ನೋಡಲು ಬರುವವರಿಗೆ ಬಾಡಿಗೆಗೆ ಕೊಡುತ್ತಾರೆ. ಬೆಳಿಗ್ಗೆ ನೊರೆಹಾಲಿನ ಕಾಫಿ ಕೊಡುವುದು ಆ ಮನೆಯ ವಿಶೇಷ. ದೀಪಾವಳಿಯ ಹಿಂದಿನ ವಾರ ಹಬೆಯ ತಿರುಪು ಕಿರುಗುಟ್ಟುತ್ತದೆ ಎಂದು ದೇವುವನ್ನು ಕರೆಸಿದ್ದರು. ಅವನು ವಾಲ್ವು ಬಿಚ್ಚಿದ, ಕಡ್ಡಿಗೆ ಕಟ್ಟಿದ್ದ ನೀರಿನ ಸುಣ್ಣದ ಕಲ್ಲನ್ನು ಕೆರೆದು ತೆಗೆದ, ಗ್ರೀಸಿಗೆಂದು ಚೀಲಕ್ಕೆ ಕೈ ಹಾಕಿದ. ಟ್ಯೂಬಿಲ್ಲ. ಭಟ್ಕಳದ ಮನೆಯಲ್ಲಿ ಬಿಟ್ಟು ಬಂದಿದ್ದು ಆಗ ನೆನಪಾಯಿತು. ಹೊರಗೆ ಅತಿಥಿಗಳ ಕಾರು ಬಂದು ನಿಂತಿತ್ತು, ಕಲ್ಪನಾ ಅವರ ಚೀಲ ಇಳಿಸಲು ಓಡಿದ್ದಳು. ಅಡುಗೆಮನೆಯ ಕಟ್ಟೆಯ ಮೇಲೆ ಗಾಣದ ಕೊಬ್ಬರಿ ಎಣ್ಣೆಯ ಬಾಟಲಿ ಇತ್ತು.

ನಮ್ಮ ಕಡೆ ಕಿರುಗುಟ್ಟುವುದಕ್ಕೆಲ್ಲ ಮದ್ದು ಕೊಬ್ಬರಿ ಎಣ್ಣೆಯೇ. ಬಾಗಿಲ ತಿರುಗಣೆಗೆ ಅದೇ, ಹೊಲಿಗೆ ಯಂತ್ರಕ್ಕೆ ಅದೇ, ಮಗುವಿನ ನೆತ್ತಿಗೂ ಅದೇ. ದೇವುವಿಗೂ ಹಾಗೇ ಅನ್ನಿಸಿತು. ತಿನ್ನುವ ಎಣ್ಣೆ ತಾನೆ, ವಿಷವಲ್ಲವಲ್ಲ, ಮುಂದಿನ ಸಲ ಬಂದಾಗ ಗ್ರೀಸು ಹಚ್ಚಿದರಾಯಿತು. ಬೆರಳದ್ದಿ ರಿಂಗಿಗೆ ಸವರಿ ವಾಲ್ವು ಜೋಡಿಸಿದ. ತಿರುಪು ಬೆಣ್ಣೆಯ ಹಾಗೆ ತಿರುಗಿತು. ಕಲ್ಪನಾ ಒಳಗೆ ಬಂದು, “ಹೋ, ಸಮ ಆತಲ್ಲ ದೇವಣ್ಣ!” ಎಂದಾಗ ಹೆಮ್ಮೆಯಿಂದಲೇ ತಲೆಯಾಡಿಸಿದ. ಆಮೇಲೆ ಮರೆತೂ ಬಿಟ್ಟ.

ಮರೆತದ್ದನ್ನು ನೆನಪಿಸಿದ್ದು ಕ್ರಿಸ್ಮಸ್ ಹೊತ್ತಿನ ಒಂದು ಫೋನು. ಹೋದರೆ ಕಲ್ಪನಾಳ ಮುಖ ಇಷ್ಟಗಲ ಊದಿತ್ತು.

“ದೇವಣ್ಣ, ಹಾಲು ನೊರೆ ಮಾಡಿದ್ರೆ ಎಂತೋ ಕಮಟು ವಾಸನೆ. ನಿನ್ನೆ ಪುಣೆಯವರು ಒಂದು ಗುಟುಕು ಕುಡ್ದು ಕಪ್ಪು ಹಂಗೇ ಇಟ್ಟು ಎದ್ರು. ನಮ್ಮನೇಲಿ ಹಾಲು ಕುಡಿಯೋರು ಯಾರೂ ಇಲ್ಲ. ನಂಗೆ ಆಗೂದಿಲ್ಲ, ಇವ್ರದ್ದು ಜೀರಿಗೆ ಕಷಾಯ. ಹಂಗಾಗಿ ಇಷ್ಟು ದಿನ ಗೊತ್ತೇ ಆಗ್ಲಿಲ್ಲ. ಇದು ಮಶೀನಿಂದೋ, ಹಾಲಿಂದೋ?”

“ಎಂತ ವಾಸನೆ?”

“ಹಳೇ ಕೊಬ್ರಿ ವಾಸನೆ.”

ಆ ಹೊತ್ತಿಗೆ ದೇವುವಿಗೆ ತನ್ನ ಬೆರಳು ನೆನಪಾಗಲಿಲ್ಲ. ಇದು ಮಾತ್ರ ಖರೆ, ಅವನ ಪರವಾಗಿ ಇಷ್ಟು ಹೇಳಲೇಬೇಕು. ಮಶೀನು ತಾನೇ ಸರಿಮಾಡಿ ಹೋದದ್ದು, ಅದರಲ್ಲಿ ದೋಷವಿರಲು ಸಾಧ್ಯವೇ ಎಂಬ ಜಂಬದಲ್ಲಿ ಬಾಯಿಗೆ ಬಂದದ್ದನ್ನು ಆಡಿಬಿಟ್ಟ. “ನಿಮ್ಗೆ ಹಾಲು ಕೊಡೂ ಗಣಪಕ್ಕ ದನಕ್ಕೆ ಕೊಬ್ರಿ ಹಿಂಡಿ ಹಾಕ್ತದಲ್ವಾ. ಅದ್ರ ವಾಸನೆ ಹಾಲಿಗೆ ಬಂದಿರೂಕೆ ಸಾಕು.”

“ಹೌದಲ್ಲ!” ಎಂದಳು ಕಲ್ಪನಾ. ಅವಳಿಗೆ ಒಂದು ಕಾರಣ ಬೇಕಿತ್ತು, ಸಿಕ್ಕಿತು. ಅಲ್ಲೇ ನಿಂತು ಫೋನು ತೆಗೆದು, ನಾಳೆಯಿಂದ ಹಾಲು ಬೇಡ ಎಂದು ಗಣಪಿಗೆ ಹೇಳಿ, ಅಂಗಡಿಗೆ ಪ್ಯಾಕೆಟ್ ಹಾಲು ಹೇಳಿದಳು. ಹಾಲಿನಲ್ಲಿ ಹಿಂಡಿಯ ವಾಸನೆಯಿದೆ, ದೇವಣ್ಣನೂ ಅದೇ ಹೇಳಿದ ಎಂದು ಫೋನಿನಲ್ಲಿ ಆಡಿದ್ದನ್ನು ದೇವು ಕೇಳಿಸಿಕೊಂಡ. ಸ್ವಲ್ಪ ಕಸಿವಿಸಿಯಾಯಿತು. ಕೈಗೆ ಪಾನಾ ತೆಗೆದುಕೊಂಡು ವಾಲ್ವು ಬಿಚ್ಚಿದ.

ಬಿಚ್ಚಿದ್ದೇ ವಾಸನೆ ಮುಖಕ್ಕೆ ಹೊಡೆಯಿತು. ಹಬೆಯ ಬಿಸಿಗೆ ಎಣ್ಣೆ ಬೆಂದು ಕಂದುಬಣ್ಣದ ಅಂಟಾಗಿ ಕಡ್ಡಿಯ ಸುತ್ತ ಕೂತಿತ್ತು. ರಬ್ಬರ್ ರಿಂಗು ಎಣ್ಣೆ ಕುಡಿದು ಊದಿ, ಒಂದು ಕಡೆ ಹರಿದಿತ್ತು. ಹರಿದ ಜಾಗದಿಂದ ಹಾಲು ಒಳಗೆ ಸೇರಿ ನಳಿಗೆಯ ಬಾಯಲ್ಲಿ ಹಳದಿ ಗಟ್ಟಿಯಾಗಿತ್ತು. ಹಿಂಡಿಯೂ ಇಲ್ಲ, ದನವೂ ಇಲ್ಲ. ಎಲ್ಲ ಅವನ ಒಂದು ಬೆರಳಿನ ಕೆಲಸ.

ಕಲ್ಪನಾ ಎರಡು ಮಾರು ದೂರದಲ್ಲಿ ಬಟಾಣಿ ಸುಲಿಯುತ್ತ ಕೂತಿದ್ದಳು. ‘ಕಲ್ಪನಾ, ಇಲ್ಲಿ ಬಾ, ನೋಡು’ ಎಂದಿದ್ದರೆ ಮುಗಿದುಹೋಗುತ್ತಿತ್ತು. ದೇವು ಬಾಯಿ ತೆರೆದ ಕೂಡ. ಆದರೆ ಬಾಯಿಂದ ಬಂದದ್ದು, “ಒಂದು ಬಟ್ಟೆ ಚೂರು ಕೊಡು.” ಅಷ್ಟೇ. ಭಟ್ಕಳದಿಂದ ಕುಮಟೆಯವರೆಗಿನ ಅಡುಗೆಮನೆಗಳೆಲ್ಲ ಅವನ ಕಣ್ಣ ಮುಂದೆ ಬಂದವು. ಗ್ರೀಸಿನ ಟ್ಯೂಬು ಹಿಡಿದು ಉಪದೇಶ ಮಾಡುವ ದೇವುವೇ ಕೊಬ್ಬರಿ ಎಣ್ಣೆ ಸವರಿದ ಎಂದರೆ ಜನ ಬಿದ್ದು ಬಿದ್ದು ನಗುವುದಿಲ್ಲವೆ? ಬಟ್ಟೆಯಲ್ಲಿ ಒರೆಸಿದ, ಬಿಸಿನೀರಲ್ಲಿ ತೊಳೆದ, ಹೊಸ ರಿಂಗು ತೊಡಿಸಿ ಬಿಳಿ ಗ್ರೀಸು ಹಚ್ಚಿದ. ಹಳೆಯ ರಿಂಗನ್ನು ಬಟ್ಟೆಯಲ್ಲಿ ಸುತ್ತಿ ಅಂಗಿಯ ಜೇಬಿಗೆ ಹಾಕಿಕೊಂಡ. ಕಳ್ಳ ಮಾಲು ಬಚ್ಚಿಟ್ಟುಕೊಳ್ಳುವುದು ಹೀಗೆಯೇ.

ಮರುದಿನ ಪ್ಯಾಕೆಟ್ ಹಾಲಿನ ನೊರೆಗೆ ಯಾವ ವಾಸನೆಯೂ ಇರಲಿಲ್ಲ. ಇನ್ನೇನು ಬೇಕು? ತಪ್ಪು ಗಣಪಿಯ ಹಾಲಿನದ್ದೇ ಎಂದು ಕಲ್ಪನಾಳಿಗೆ ಖಾತ್ರಿಯಾಯಿತು. ಅವಳೇನು ಕೆಟ್ಟವಳಲ್ಲ, ಆದರೆ ಕೇಳಿದವರಿಗೆ ಕಾರಣ ಹೇಳಬೇಕಲ್ಲ. ಹೇಳಿದಳು. ಕೇಳಿದ ಆಚೆಮನೆಯವರು ಅದೇ ದಿನ ತಮ್ಮ ಪಾತ್ರೆಗೆ ಮೂಗು ಹಾಕಿ ನೋಡಿದರು. ವಾಸನೆ ಇದೆ ಎಂದು ನಂಬಿ ಮೂಸಿದರೆ ಮಲ್ಲಿಗೆಯಲ್ಲೂ ಹಿಂಡಿಯ ವಾಸನೆ ಬಂದೀತು. ಅವರೂ ಬಿಟ್ಟರು. ಅವರನ್ನು ನೋಡಿ ಹೆದ್ದಾರಿಯ ಬದಿಯ ಚಾದಂಗಡಿಯವನೂ ಬಿಟ್ಟ.

ಗಣಪಿ ಯಾರೆಂದು ಹೇಳಲೇ ಇಲ್ಲವಲ್ಲ. ಅವಳು ದೇವುವಿನ ನೆರೆಮನೆಯವಳು, ಬೇಲಿಯ ಆಚೆಯ ಕೊಟ್ಟಿಗೆ ಅವಳದು. ಗಂಡ ತೀರಿಕೊಂಡ ಮೇಲೆ ಕೆಂಪಿ ಎಂಬ ಒಂದು ಆಕಳನ್ನು ಕಟ್ಟಿಕೊಂಡು ಬದುಕಿದವಳು. ದೇವುವಿನ ತಾಯಿ ಹಾಸಿಗೆ ಹಿಡಿದಾಗ ಕೇಳದೆಯೇ ದಿನಾ ಸಂಜೆ ಬಿಸಿಹಾಲು ತಂದು, ತಲೆಯೆತ್ತಿ ಹಿಡಿದು ಚಮಚದಲ್ಲಿ ಕುಡಿಸಿದವಳು ಅವಳೇ. ಹೆಂಡತಿಯೂ ಇಲ್ಲದ ಒಂಟಿ ದೇವುವಿಗೆ ಆಗ ದಿಕ್ಕಾಗಿದ್ದವಳು. ಅವಳ ಹಾಲೆಂದರೆ ಕೇರಿಯಲ್ಲಿ ಮಕ್ಕಳಿಗೆ ಭೇದಿ ನಿಂತಾಗ ಮೊದಲು ಕೊಡುವ ಹಾಲು. ಅಂಥ ಹಾಲಿಗೆ ಈಗ ಹೆಸರು ಕೆಟ್ಟಿತ್ತು, ಕೆಡಿಸಿದವನು ಬೇಲಿಯ ಈಚೆ ಕೂತಿದ್ದ.

ಒಂದು ಸಂಜೆ ಗಣಪಿ ಲೋಟ ಹಿಡಿದುಕೊಂಡು ಅವನ ಜಗಲಿಗೇ ಬಂದಳು.

“ದೇವು, ಇದ್ಯೇನಾ? ಇದನ್ನ ಕುಡ್ದು ಹೇಳು. ನಾ ಹಿಂಡಿ ಬಿಟ್ಟು ಬರೇ ಕರಡದ ಹುಲ್ಲು ಹಾಕ್ತಾ ಇದ್ದೆ. ಪಾತ್ರೆ ಹುಣಸೆಹುಳಿ ಹಾಕಿ ತಿಕ್ದೆ. ನಂಗೆ ವಾಸನೆ ಮೊದ್ಲೂ ಬರ್ಲಿಲ್ಲ, ಈಗ್ಲೂ ಬತ್ತಿಲ್ಲ. ನನ್ನ ಮೂಗೇ ಸತ್ತೋಯ್ತೋ ಎಂತೋ.”

ದೇವು ಕುಡಿದ. ಹಾಲು ನೊರೆನೊರೆಯಾಗಿ ಬೆಚ್ಚಗಿತ್ತು, ಹುಲ್ಲಿನ ಸಣ್ಣ ಸಿಹಿಯಿತ್ತು. “ಇಲ್ಲ ಗಣಪಕ್ಕ. ಎಂತ ವಾಸನೆಯೂ ಇಲ್ಲ. ಚೊಲೋ ಹಾಲು” ಎಂದ.

ಅವಳು ಅವನ ಮುಖವನ್ನೇ ನೋಡಿದಳು. “ನಂಗೆ ಬೇಜಾರಾಗ್ತದೆ ಅಂತ ಹೇಳ್ತೆ ನೀನು. ಮೊನ್ನೆ ಕಲ್ಪನಾನ ಹತ್ರ ನೀನೇ ಹಿಂಡಿ ವಾಸನೆ ಅಂದ್ಯಂತಲ್ಲ. ಇರ್ಲಿ ಮಾರಾಯ, ಇದ್ದದ್ದು ಹೇಳ್ದೆ ನೀನು. ನನ್ನೆದ್ರಿಗೆ ಹೇಳೂಕೆ ಆಗ್ಲಿಲ್ಲ ನಿಂಗೆ. ನೀ ಒಳ್ಳೇವ.”

ಲೋಟ ತೆಗೆದುಕೊಂಡು ಹೋದಳು. ಅವನು ಹೇಳಿದ ಒಂದೇ ಒಂದು ನಿಜ ಅವಳಿಗೆ ಸುಳ್ಳಾಗಿ ಕಂಡಿತ್ತು, ಆಡಿದ ಸುಳ್ಳು ನಿಜವಾಗಿ ನಿಂತಿತ್ತು. ‘ಒಳ್ಳೇವ’ ಎಂಬ ಮಾತು ಎದೆಯಲ್ಲಿ ಮುಳ್ಳು ಮುರಿದಂತೆ ಕೂತಿತು. ಆ ದಿನದಿಂದ ದೇವು ಬೆಳಿಗ್ಗೆ ಅಂಗಡಿಗೆ ಹೊರಡುವಾಗ ಗಣಪಿಯ ಅಂಗಳದ ದಾರಿ ಬಿಟ್ಟು, ಗದ್ದೆಯ ಅಂಚಿನಲ್ಲಿ ಸುತ್ತಿಬಳಸಿ ಹೋಗತೊಡಗಿದ. ಭಟ್ಕಳದ ಒಂದು ಮನೆಯಲ್ಲಿ ಉಪದೇಶಕ್ಕೆಂದು ಟ್ಯೂಬು ಎತ್ತಿದವನು ಅರ್ಧಕ್ಕೇ ನಿಲ್ಲಿಸಿದ. ಆ ಮನೆಯ ಹಿರಿಯಮ್ಮ, “ಎಂತ ಆಯ್ತು ದೇವು, ಮೈಗೆ ಸಮ ಇಲ್ವಾ?” ಎಂದು ಕೇಳಿದರು. ಹೌದು, ಸ್ವಲ್ಪ ಜ್ವರ ಎಂದ. ಅದೂ ಸುಳ್ಳೇ. ಜೇಬಿನ ರಿಂಗನ್ನು ಎಸೆಯಲು ಶರಾವತಿಯ ಸೇತುವೆಯ ಮೇಲೆ ಬೈಕು ನಿಲ್ಲಿಸಿದ್ದುಂಟು. ಎಸೆಯಲಾಗಲಿಲ್ಲ, ಅಂಗಿ ಬದಲಿಸಿದಾಗಲೂ ಅದು ಜೇಬಿನಿಂದ ಜೇಬಿಗೆ ಬಂತು.

ಹಿಂಡಿ ಬಿಟ್ಟ ಮೇಲೆ ಕೆಂಪಿಯ ಹಾಲು ಇಳಿಯಿತು. ಇಳಿದ ಹಾಲಿಗೂ ಗಿರಾಕಿಯಿಲ್ಲ. ಗಣಪಿಯ ತವರು ಸಂತೆಗುಳಿಯಲ್ಲಿ ಅವಳ ಅಣ್ಣನ ಮಗ ನಿತ್ಯಾನಂದ ಎಂಬವನಿದ್ದಾನೆ. ಭಾನುವಾರ ಬಂದು ಆಕಳನ್ನು ಹೊಡೆದುಕೊಂಡು ಹೋಗುತ್ತಾನೆ ಎಂಬ ಸುದ್ದಿ ದೇವುವಿಗೆ ಸಿಕ್ಕಿದ್ದು ಕ್ಷೌರದಂಗಡಿಯಲ್ಲಿ. ಅರ್ಧ ಗಡ್ಡ ಹೆರೆದಿತ್ತು. ಉಳಿದದ್ದನ್ನು ಹೆರೆಯುವವರೆಗೆ ಕೂತಿರುವುದೇ ಅವನಿಗೆ ಕಷ್ಟವಾಯಿತು. ಅಲ್ಲಿಂದ ನೇರ ಅಪ್ಸರಕೊಂಡಕ್ಕೆ ಹೋದ.

ಹೋದವನು ಸತ್ಯ ಹೇಳಿದನೆ? ಇಲ್ಲ. ದಾರಿಯುದ್ದಕ್ಕೂ ಬೇರೊಂದು ಉಪಾಯ ಹೊಳೆದಿತ್ತು, ಅದೂ ಎಷ್ಟು ಚಂದದ್ದು! “ಕಲ್ಪನಾ, ಗಣಪಕ್ಕ ಹಿಂಡಿ ಹಾಕೂದು ಬಿಟ್ಟಿದೆ. ನಾನೇ ಕುಡ್ದು ನೋಡ್ದೆ, ಹಾಲು ಈಗ ಸಮ ಆಗಿದೆ. ಪುನಃ ತಕೋ” ಎಂದ.

ಪ್ಯಾಕೆಟ್ ಹಾಲು ಬೆಳಿಗ್ಗೆ ಹೊತ್ತಿಗೆ ಸರಿಯಾಗಿ ಬರದೆ ಕಲ್ಪನಾಳೂ ರೋಸಿದ್ದಳು. “ಹಂಗಾದ್ರೆ ನಾಳೆಯಿಂದ್ಲೇ ತರೂಕೆ ಹೇಳಿ ದೇವಣ್ಣ. ಆಚೆಮನೆಯವ್ರಿಗೂ ನಾ ಹೇಳ್ತೆ. ಪಾಪ, ಗಣಪಕ್ಕಂಗೂ ಕಷ್ಟ” ಎಂದಳು.

ದೇವುವಿನ ಮೈ ಹಗುರಾಯಿತು. ಯಾರೂ ನಗಲಿಲ್ಲ, ಯಾರ ಮುಂದೆಯೂ ತಲೆ ತಗ್ಗಿಸಲಿಲ್ಲ, ಆಕಳು ಕೊಟ್ಟಿಗೆಯಲ್ಲೇ ಉಳಿಯಿತು. ಎಂಥ ಜಾಣ ನಾನು ಎಂದು ಹಾಡು ಗುನುಗುತ್ತ ಬೈಕು ಓಡಿಸಿದ. ಬಹಳ ದಿನದ ಮೇಲೆ ಗಣಪಿಯ ಅಂಗಳದ ದಾರಿಯಲ್ಲೇ ಬಂದ.

ಗಣಪಿ ಹಿತ್ತಲ ಒಲೆಯ ಮುಂದೆ ಕೂತಿದ್ದಳು. ಬಾಗಿಲ ಬದಿಯಲ್ಲಿ ತಪ್ಪಲೆ ತುಂಬ ಹಾಲು, ಯಾರಿಗೂ ಬೇಡವಾದದ್ದು, ಮೊಸರಿಗೆಂದು ಇಟ್ಟಿತ್ತು. ದೇವು ಸುದ್ದಿ ಹೇಳಿದ. ಅವಳು ಎದ್ದು ಕುಣಿಯಬೇಕಿತ್ತು ಎಂದು ಅವನ ಲೆಕ್ಕ. ಅವಳು ಸುಮ್ಮನೆ ಕೊಳ್ಳಿ ಮುಂದೂಡಿದಳು.

“ಹಂಗಾದ್ರೆ ಹಿಂಡಿ ವಾಸನೆಯೇ ಹೌದು ಅಂದಂಗೆ ಆತು” ಎಂದಳು. “ಬಿಟ್ಟ ಮೇಲೆ ಹೋತು.”

“ಹೋಗ್ಲಿ ಬಿಡು ಅಕ್ಕ, ಈಗ ಸಮ ಆತಲ್ಲ.”

“ಎಂತ ಸಮ ಆತು? ಇಷ್ಟು ವರ್ಷ ಎಲ್ಲರಿಗೂ ಅದನ್ನೇ ಕುಡಿಸ್ದೆ ನಾನು. ನನ್ನ ಮೂಗಿಗೆ ಗೊತ್ತಾಗ್ಲಿಲ್ಲ.” ಅವಳ ದನಿ ಸಣ್ಣದಾಯಿತು. “ನಿನ್ನ ಅವ್ವಿ ಕಡೇ ದಿನಗಳಲ್ಲಿ ಹಾಲು ಬಾಯಿಗೆ ಹಿಡ್ದ್ರೆ ಮುಖ ಸಿಂಡರಿಸ್ತಿತ್ತು, ನೆನಪಿದ್ಯಾ? ಕಾಯಿಲೆಗೆ ರುಚಿ ಕೆಟ್ಟಿದೆ ಅಂದ್ಕಂಡು ನಾ ಬೈದು ಬೈದು ಕುಡಿಸ್ದೆ. ಪಾಪ, ಅದ್ಕೆ ವಾಸನೆ ಬಂದಿತ್ತೋ ಏನೋ. ಮಾತಾಡೂಕೆ ಬರ್ತಿರ್ಲಿಲ್ಲ, ಹೆಂಗೆ ಹೇಳ್ತದೆ? ಮೊನ್ನೆಯಿಂದ ನಂಗೆ ಅದೇ ಕಣ್ಣಿಗೆ ಕಟ್ತದೆ. ಸಾಯೋ ಜೀವಕ್ಕೆ ಕಮಟು ಹಾಲು ಕುಡಿಸ್ದೆನಲ್ಲ ದೇವು.”

ತಾಯಿಯ ಆ ಮುಖ ದೇವುವಿಗೂ ನೆನಪಿತ್ತು. ಆಕೆ ಯಾವುದಕ್ಕೂ ಹಾಗೇ ಮಾಡುತ್ತಿದ್ದಳು, ನೀರಿಗೂ, ಗಂಜಿಗೂ. ಅದನ್ನು ಹೇಳಿದರೂ ಗಣಪಿ ಒಳ್ಳೇವನ ಸಮಾಧಾನದ ಮಾತು ಎಂದೇ ತಿಳಿಯುತ್ತಾಳೆ ಎಂಬುದು ಈಗ ಅವನಿಗೆ ಗೊತ್ತಿತ್ತು. ತನ್ನ ನಾಚಿಕೆಯನ್ನು ಉಳಿಸಿಕೊಳ್ಳಲು ಹೋಗಿ ಅವಳ ತಲೆಯ ಮೇಲೆ ಎಂಥದ್ದನ್ನು ಹೊರಿಸಿದೆ ಎಂದು ಅನ್ನಿಸಿದ್ದೇ, ಜೇಬಿಗೆ ಕೈ ಹಾಕಿ ಬಟ್ಟೆಯ ಚೂರನ್ನು ತೆಗೆದು ಅವಳ ಮುಂದೆ ಬಿಚ್ಚಿಟ್ಟ.

“ಇದನ್ನ ಮೂಸು ಗಣಪಕ್ಕ.”

ಅವಳು ಮೂಸಿದಳು. ಥಟ್ಟನೆ ಮುಖ ತಿರುಗಿಸಿದಳು. “ಥೂ! ಎಂತದಾ ಇದು? ಕಮಟು ಕೊಬ್ರಿ ಎಣ್ಣೆ.”

“ನಿನ್ನ ಮೂಗು ಸಮ ಇದ್ದು” ಎಂದ ದೇವು. ಆಮೇಲೆ ಎಲ್ಲ ಹೇಳಿದ. ಭಟ್ಕಳದಲ್ಲಿ ಬಿಟ್ಟ ಟ್ಯೂಬು, ಕಟ್ಟೆಯ ಮೇಲಿನ ಬಾಟಲಿ, ಅದ್ದಿದ ಬೆರಳು, ಬಿಚ್ಚಿದಾಗ ಕಂಡದ್ದು, ಕಂಡ ಮೇಲೂ ಬಾಯಿ ಮುಚ್ಚಿಕೊಂಡದ್ದು. ಇವತ್ತು ಕಲ್ಪನಾಳಿಗೆ ಹೇಳಿದ ಸುಳ್ಳನ್ನೂ ಬಿಡಲಿಲ್ಲ. “ನಿನ್ನ ಹಾಲಿಗೆ ಯಾವತ್ತೂ ವಾಸನೆ ಇರ್ಲಿಲ್ಲ. ಅವ್ವಿ ಕುಡ್ದದ್ದು ಒಳ್ಳೇ ಹಾಲೇ. ತಪ್ಪೆಲ್ಲ ನಂದು” ಎನ್ನುವಾಗ ಅವನ ದನಿ ಒಡೆಯಿತು.

ಗಣಪಿ ಆ ಊದಿದ ರಿಂಗನ್ನು ಬೆರಳಲ್ಲಿ ಹಿಡಿದು ತಿರುಗಿಸಿ ತಿರುಗಿಸಿ ನೋಡಿದಳು. ಬೈಯುತ್ತಾಳೆ ಎಂದು ದೇವು ಕಾದ. ಬೈದಿದ್ದರೆ ಚೆನ್ನಾಗಿತ್ತು.

“ನಿನ್ನ ಅವ್ವಿ ಕುಡ್ದದ್ದು ಒಳ್ಳೇ ಹಾಲು” ಎಂದಳು ಕೊನೆಗೆ, ತನಗೆ ತಾನೇ. ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ರಿಂಗನ್ನು ಅದೇ ಬಟ್ಟೆಯಲ್ಲಿ ಸುತ್ತಿ ಅವನ ಕೈಗೆ ಹಾಕಿದಳು. “ನಾಳೆ ಬೆಳಿಗ್ಗೆ ಹಾಲಿನ ಕ್ಯಾನು ನೀನೇ ತಕೊಂಡು ಹೋಗು. ಕಲ್ಪನಾನ ಮನೆಗೂ, ಆಚೆಮನೆಗೂ, ಚಾದಂಗಡಿಗೂ. ಹೋದಲ್ಲೆಲ್ಲ ಇದನ್ನ ಮೂಸೂಕೆ ಕೊಡು, ಈಗ ನಂಗೆ ಹೇಳ್ದಂಗೇ ಹೇಳು. ಆಮೇಲೆ ಹಾಲು ಅಳ್ದು ಕೊಡು. ನಿತ್ಯಾನಂದಂಗೆ ಬರ್ಬೇಡ ಅಂತ ನಾ ಫೋನು ಮಾಡ್ತೆ.”

“ಆತು” ಎಂದ ದೇವು.

“ಕೂತ್ಕ. ಚಾ ಕುಡ್ದು ಹೋಗು.”

ಅವಳು ಒಲೆಯ ಮೇಲೆ ನೀರಿಟ್ಟಳು, ಸಕ್ಕರೆ ಹಾಕಿದಳು, ಪುಡಿ ಹಾಕಿದಳು. ಕುದಿದ ಮೇಲೆ ಸೋಸಿ ಅವನ ಮುಂದಿಟ್ಟಳು. ಕೊಟ್ಟಿಗೆಯಲ್ಲಿ ಕೆಂಪಿ ಮೆಲುಕು ಹಾಕುತ್ತಿತ್ತು. ಬಾಗಿಲ ಬದಿಯಲ್ಲಿ ತಪ್ಪಲೆ ತುಂಬ ಹಾಲು ಹಾಗೆಯೇ ಇತ್ತು. ಚಿಕ್ಕಂದಿನಿಂದಲೂ ಆ ಮನೆಯಲ್ಲಿ ಚಾ ಕುಡಿದಿದ್ದ ದೇವುವಿಗೆ ಮೊದಲ ಬಾರಿ ಹಾಲಿಲ್ಲದ ಕಪ್ಪು ಚಾ ಸಿಕ್ಕಿತ್ತು. ಅವನು ತಲೆಯೆತ್ತಿ ಗಣಪಿಯನ್ನು ನೋಡಿದ.

“ನಾಳೆ ಹೇಳಿ ಬಾ” ಎಂದಳು ಅವಳು. “ಬಂದ ಮೇಲೆ ಹಾಲು ಹಾಕ್ತೆ.”

ದೇವು ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ತಳದವರೆಗೂ ಕುಡಿದ.